ಕಣ್ಣಿಗೆ ಮೂರು, ಲೆಕ್ಕಕ್ಕೆ ಒಂದು: ಕೆಂಪು ಕಡಲಪಾಚಿಗಳ ಗುರುತು ಹಿಡಿಯುವುದು

(ಕರಾವಳಿಯ ಪದವಿ ವಿದ್ಯಾರ್ಥಿಗಳು, ಮೇಷ್ಟ್ರುಗಳು ಮತ್ತು ಕಡಲ ಬಗ್ಗೆ ಕುತೂಹಲ ಇರುವ ಊರವರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಮೂರು ತಟ್ಟೆಗಳನ್ನು ನೋಡಿ. ಇವತ್ತು ಬೆಳಿಗ್ಗೆ ಇಳಿತದ ಹೊತ್ತಿಗೆ ಬಂಡೆಗಳ ಮೇಲಿಂದ ತಂದದ್ದು. ಮೊದಲನೇ ತಟ್ಟೆಯಲ್ಲಿರುವುದು ಕಂದುಗೆಂಪು, ಮೈ ನುಣುಪು. ಎರಡನೆಯದೂ ಅದೇ ಬಣ್ಣ, ಆದರೆ ಮೈಮೇಲೆಲ್ಲ ಸಾಸಿವೆ ಕಾಳಿನಂಥ ಗಂಟುಗಳು. ಮೂರನೆಯದು ಹಳದಿ ಬೆರೆತ ಹಸಿರು. ತಟ್ಟೆಗಳು ಕೈಯಿಂದ ಕೈಗೆ ಹೋಗಲಿ. ಮುಟ್ಟಿ ನೋಡಿ, ಬೆರಳಲ್ಲಿ ಸವರಿ ನೋಡಿ. ಇವು ಎಷ್ಟು ಬಗೆ?

ಮೂರು ಅಂತ ಸುಮಾರು ಜನ ಹೇಳಿದಿರಿ. ಹಿಂದಿನ ಸಾಲಿನಿಂದ ಯಾರೋ ಎರಡು ಅಂದರು. ಉತ್ತರ ಒಂದು. ಮೂರೂ ಗ್ರಾಸಿಲೇರಿಯಾ ಕಾರ್ಟಿಕೇಟಾ ಎಂಬ ಒಂದೇ ಕೆಂಪು ಕಡಲಪಾಚಿ. ಹಸಿರಾಗಿರುವುದು ಬಂಡೆಯ ಮೇಲ್ಭಾಗದಲ್ಲಿ ಬಿಸಿಲಿಗೆ ಬಣ್ಣ ಕಳೆದುಕೊಂಡದ್ದು, ಅಷ್ಟೇ. ಗಂಟಿರುವುದಕ್ಕೂ ನುಣುಪಾಗಿರುವುದಕ್ಕೂ ಇರುವ ವ್ಯತ್ಯಾಸ ಮಾತ್ರ ಅಷ್ಟು ಹಗುರವಲ್ಲ. ನನ್ನ ಇವತ್ತಿನ ಮಾತೆಲ್ಲ ಆ ಗಂಟಿನ ಸುತ್ತಲೇ ಇದೆ.

ಬಣ್ಣದ ವಿಷಯ ಬೇಗ ಮುಗಿಸಿಬಿಡೋಣ. ಈ ಪಾಚಿಯನ್ನು ಒರಳಿಗೆ ಹಾಕಿ, ಸ್ವಲ್ಪ ಸಿಹಿನೀರು ಬಿಟ್ಟು ಅರೆದು, ಬಟ್ಟೆಯಲ್ಲಿ ಸೋಸಿದರೆ ಗುಲಾಬಿ ಬಣ್ಣದ ನೀರು ಬರುತ್ತದೆ. ಅದು ಫೈಕೋಎರಿತ್ರಿನ್ ಎಂಬ ಪ್ರೋಟೀನು. ಬಿಸಿಲಿಗೆ ಹಿಡಿದು ಪಕ್ಕದಿಂದ ನೋಡಿ, ಕಿತ್ತಳೆ ಬಣ್ಣದಲ್ಲಿ ಮಿನುಗುತ್ತದೆ. ಅದೇ ನೀರನ್ನು ಕುದಿಸಿದರೆ ಬಣ್ಣ ಮಾಯ. ಬಟ್ಟೆಯಲ್ಲಿ ಉಳಿದ ಚರಟದಲ್ಲಿ ಹಸಿರು ಇನ್ನೂ ಇರುತ್ತದೆ, ಯಾಕೆಂದರೆ ಎಲ್ಲ ಗಿಡಗಳ ಹಾಗೆ ಇದಕ್ಕೂ ಕ್ಲೋರೋಫಿಲ್ ಇದೆ. ಕೆಂಪು ಅದರ ಮೇಲೆ ಹೊದ್ದುಕೊಂಡದ್ದು. ನೀರಿನ ಆಳಕ್ಕೆ ಕೆಂಪು ಬೆಳಕು ಇಳಿಯುವುದಿಲ್ಲ, ನೀಲಿ ಮತ್ತು ಹಸಿರು ಇಳಿಯುತ್ತವೆ. ಆ ಹಸಿರು ಬೆಳಕನ್ನು ಹಿಡಿಯುವುದು ಫೈಕೋಎರಿತ್ರಿನ್ ಕೆಲಸ. ಬಹಾಮಾಸ್ ಬಳಿ 268 ಮೀಟರ್ ಆಳದಲ್ಲಿ, ನಮ್ಮ ಕಣ್ಣಿಗೆ ಕತ್ತಲೆ ಅನ್ನಿಸುವ ಕಡೆ, ಬಂಡೆಗೆ ಅಂಟಿಕೊಂಡು ಬದುಕುವ ಕೆಂಪು ಪಾಚಿ ಸಿಕ್ಕಿದೆ.

ಬಣ್ಣ, ಆಕಾರ ನೋಡಿ ಗೊಂದಲಕ್ಕೆ ಬಿದ್ದವರಲ್ಲಿ ನಾವೇ ಮೊದಲಿಗರಲ್ಲ. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಕ್ರಮ ತಂದ ಲಿನ್ನೇಯಸ್ 1753ರಲ್ಲಿ ಹೆಸರಿಡುವಾಗ ಕಡಲಪಾಚಿಗಳನ್ನು ಹೆಚ್ಚಾಗಿ ಆಕಾರ ನೋಡಿ ಎರಡು ಮೂರು ಬುಟ್ಟಿಗೆ ಹಾಕಿದರು. ಹಾಳೆಯಂತಿದ್ದದ್ದು ಒಂದು ಕಡೆ, ಕೂದಲಿನಂತಿದ್ದದ್ದು ಒಂದು ಕಡೆ, ತೊಗಲಿನಂತೆ ಗಟ್ಟಿಯಾಗಿದ್ದದ್ದು ಇನ್ನೊಂದು ಕಡೆ. ಮೈಗೆ ಸುಣ್ಣ ಕಟ್ಟಿಕೊಳ್ಳುವ ಕೊರಲೈನಾ ಎಂಬ ಕೆಂಪು ಪಾಚಿಯನ್ನಂತೂ 1758ರಲ್ಲಿ ಅವರು ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಹವಳದ ಹಾಗೆ ಕಾಣುತ್ತದಲ್ವಾ, ತಪ್ಪು ಹೇಳುವ ಹಾಗಿಲ್ಲ. ಇಂಥ ಸುಣ್ಣದ ಜೀವಿಗಳು ಗಿಡಗಳೇ ಅಂತ ಜರ್ಮನಿಯ ಫಿಲಿಪ್ಪಿ 1837ರಲ್ಲಿ ತೋರಿಸಿಕೊಟ್ಟರು. ಫ್ರಾನ್ಸಿನ ಲಾಮುರೂ 1813ರಲ್ಲಿ, ಐರ್ಲೆಂಡಿನ ಹಾರ್ವಿ 1836ರಲ್ಲಿ ಬಣ್ಣವನ್ನೇ ಹಿಡಿದು ಕೆಂಪು, ಕಂದು, ಹಸಿರು ಅಂತ ಬೇರೆ ಮಾಡಿದರು. ಆ ಮಟ್ಟಿಗೆ ಬಣ್ಣ ಕೈಕೊಡಲಿಲ್ಲ. ಆದರೆ ಕೆಂಪಿನ ಮನೆಯೊಳಗೆ ಹೋದಮೇಲೆ ಬಣ್ಣದಿಂದ ಏನೂ ತಿಳಿಯುವುದಿಲ್ಲ. ಅಲ್ಲಿ ಸುಮಾರು 7,000 ಪ್ರಭೇದಗಳಿವೆ, ಹೆಚ್ಚಿನವು ಸಮುದ್ರದಲ್ಲೇ.

ಹಾಗಾದರೆ ಏನು ನೋಡಬೇಕು? ಮೊದಲು ಮೈಕಟ್ಟು.

ಗ್ರಾಸಿಲೇರಿಯಾದ ಒಂದು ತುಂಡನ್ನು ಬ್ಲೇಡಿನಿಂದ ತೆಳ್ಳಗೆ ಅಡ್ಡ ಕೊಯ್ದು ಮೈಕ್ರೋಸ್ಕೋಪಿನಲ್ಲಿಟ್ಟಿದ್ದೇನೆ. ನಡುವೆ ದೊಡ್ಡ ದೊಡ್ಡ ಬಣ್ಣವಿಲ್ಲದ ಕೋಶಗಳು, ಅಂಚಿಗೆ ಬಂದ ಹಾಗೆ ಸಣ್ಣ, ಕೆಂಪು ತುಂಬಿದ ಕೋಶಗಳು. ನೋಡಿದರೆ ಮಾಮೂಲಿ ಗಿಡದ ಕಾಂಡ ಕೊಯ್ದ ಹಾಗೇ ಇದೆ. ಆದರೆ ಇದು ಬೆಳೆದ ರೀತಿಯೇ ಬೇರೆ. ಕೆಂಪು ಪಾಚಿಗಳ ದೊಡ್ಡ ವರ್ಗ ಫ್ಲೊರಿಡಿಯೋಫೈಸಿ. ಅದರಲ್ಲಿ ಎಂಥ ದಪ್ಪ ಮೈಯೂ ಮೂಲದಲ್ಲಿ ಎಳೆಗಳ ಕಟ್ಟು. ತೆಂಗಿನ ನಾರಿನ ಹಗ್ಗ ನೆನಪಿಸಿಕೊಳ್ಳಿ. ದೂರದಿಂದ ಒಂದೇ ಹಗ್ಗ, ಬಿಚ್ಚಿದರೆ ಎಳೆ ಎಳೆ. ಇಲ್ಲಿ ಎಳೆಗಳು ಒಂದಕ್ಕೊಂದು ಒತ್ತಿ, ಅಂಟಿನಲ್ಲಿ ಹುದುಗಿ, ಗಟ್ಟಿ ಮೈಯಾಗಿವೆ. ಆ ಅಂಟೇ ಅಗರ್. ನಮ್ಮ ಅಡುಗೆಮನೆಯಲ್ಲಿ ಚೈನಾ ಗ್ರಾಸ್ ಅಂತ ತಂದು ಪುಡ್ಡಿಂಗ್ ಮಾಡುತ್ತೇವಲ್ಲ, ಅದೇ.

ಕೆಲವು ಪಾಚಿಗಳಲ್ಲಿ ನಡುವೆ ಒಂದೇ ಮುಖ್ಯ ಎಳೆ, ಉಳಿದದ್ದೆಲ್ಲ ಅದರ ಕವಲು. ಇನ್ನು ಕೆಲವಲ್ಲಿ ಹತ್ತಾರು ಎಳೆಗಳು ಒಟ್ಟಿಗೆ ಮೇಲೇರಿ ಕಾರಂಜಿಯ ಹಾಗೆ ಹೊರಕ್ಕೆ ಬಾಗುತ್ತವೆ. ಇದು ಒಂದು ಮುಖ್ಯ ಗುರುತು. ಪಾಲಿಸೈಫೋನಿಯಾ ಎಂಬ ಕೂದಲಿನಂಥ ಪಾಚಿಯನ್ನು ಕೊಯ್ದರೆ ಇನ್ನೂ ಚೆಂದ: ನಡುವೆ ಒಂದು ಕೋಶ, ಸುತ್ತಲೂ ಹೂವಿನ ಎಸಳಿನ ಹಾಗೆ ಕೋಶಗಳ ಬಳೆ. ಆ ಎಸಳು ನಾಲ್ಕೋ, ಆರೋ, ಹನ್ನೆರಡೋ ಅಂತ ಎಣಿಸಿದರೆ ಪ್ರಭೇದ ಗುರುತಿಸುವ ಕೆಲಸ ಅರ್ಧ ಮುಗಿದ ಹಾಗೆ.

ಕೋಶಕ್ಕೂ ಕೋಶಕ್ಕೂ ನಡುವಿನ ಗೋಡೆಯಲ್ಲಿ ಒಂದು ತೂತು, ಅದಕ್ಕೆ ಒಂದು ಬಿರಡೆ. ಇದು ಕೆಂಪು ಪಾಚಿಗಳ ತುಂಬಾ ವಿಶೇಷವಾದ ಗುರುತು. ಪಿಟ್ ಪ್ಲಗ್ ಅನ್ನುತ್ತಾರೆ. ಒಂದು ಕೋಶ ಎರಡಾಗುವಾಗ ನಡುವಿನ ಗೋಡೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಉಳಿದ ಕಿಂಡಿಗೆ ಪ್ರೋಟೀನಿನ ಬಿರಡೆ ಬೀಳುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದಮೇಲೆ ಬಿರಡೆಗಳಲ್ಲೂ ಬಗೆ ಇದೆ ಅಂತ ಗೊತ್ತಾಯಿತು. ಕೆಲವಕ್ಕೆ ಮೇಲೆ ಟೋಪಿ ಇದೆ, ಕೆಲವಕ್ಕೆ ಎರಡು ಪದರದ ಟೋಪಿ, ಕೆಲವಕ್ಕೆ ಟೋಪಿಯೇ ಇಲ್ಲ. ಪುಶೆಲ್ ಮತ್ತು ಕೋಲ್ ಎಂಬ ಇಬ್ಬರು 1982ರಲ್ಲಿ ಇದನ್ನೇ ಹಿಡಿದು ಗಣಗಳನ್ನು, ಅಂದರೆ ವರ್ಗದೊಳಗಿನ ದೊಡ್ಡ ಗುಂಪುಗಳನ್ನು, ಬೇರೆ ಮಾಡಬಹುದು ಅಂತ ತೋರಿಸಿದರು. ನಮ್ಮ ದೇಶದ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚಿತ್ರಕೂಟದ ಸುಮಾರು 160 ಕೋಟಿ ವರ್ಷ ಹಳೆಯ ಕಲ್ಲುಗಳಲ್ಲಿ ಎಳೆಯಂಥ ಪಳೆಯುಳಿಕೆಗಳು ಸಿಕ್ಕಿವೆ. ಅವು ಕೆಂಪು ಪಾಚಿಗಳಿರಬಹುದು ಅಂತ 2017ರಲ್ಲಿ ಸ್ವೀಡನ್ನಿನ ಬೆಂಗ್ಟ್‌ಸನ್ ಮತ್ತು ಜೊತೆಗಾರರು ಬರೆದರು. ಎಲ್ಲರೂ ಒಪ್ಪಿಲ್ಲ, ಆದರೆ ಅವರು ಹುಡುಕಿದ್ದೂ ಇಂಥ ಒಳಗುರುತುಗಳನ್ನೇ.

ಈಗ ಗಂಟಿಗೆ ಬರೋಣ. ಇದು ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೆಂಪು ಪಾಚಿಗಳ ಗಂಡುಕೋಶಕ್ಕೆ ಬಾಲವಿಲ್ಲ. ಕಂದು ಪಾಚಿ, ಹಸಿರು ಪಾಚಿಗಳಲ್ಲಿ ಈಜುವ ಕೋಶಗಳಿವೆ. ಜರೀಗಿಡದಲ್ಲೂ ಇವೆ. ಕೆಂಪು ಪಾಚಿಗಳ ಇಡೀ ಬಾಳಿನಲ್ಲಿ ಯಾವ ಹಂತದಲ್ಲೂ ಈಜುವ ಕೋಶ ಅಂತ ಇಲ್ಲವೇ ಇಲ್ಲ. ಗಂಡುಕೋಶ ನೀರಿನಲ್ಲಿ ತೇಲುತ್ತಾ ಹೋಗಬೇಕು, ಸಿಕ್ಕರೆ ಸಿಕ್ಕಿತು. ಹೆಣ್ಣುಗಿಡದ ಗರ್ಭಕೋಶ, ಅಂದರೆ ಕಾರ್ಪೊಗೋನಿಯಂ, ಒಂದು ಉದ್ದನೆಯ ಕೂದಲನ್ನು ಹೊರಗೆ ಚಾಚಿಕೊಂಡು ಕಾಯುತ್ತದೆ. ಗಂಡುಕೋಶ ಆ ಕೂದಲಿಗೆ ತಾಗಿ ಅಂಟಿಕೊಂಡರೆ ಅದರ ಕೋಶಕೇಂದ್ರ ಕೂದಲೊಳಗೆ ಇಳಿದು ಬುಡದಲ್ಲಿರುವ ಹೆಣ್ಣು ಕೋಶಕೇಂದ್ರವನ್ನು ಸೇರುತ್ತದೆ. ಇದನ್ನು ಕಣ್ಣಾರೆ ಕಂಡು 1867ರಲ್ಲಿ ಬರೆದವರು ಫ್ರಾನ್ಸಿನ ಬೊರ್ನೆ ಮತ್ತು ಟ್ಯೂರೆ.

ಬೇರೆ ಕಡೆಯಾದರೆ ಇಲ್ಲಿಗೆ ಒಂದು ಹೊಸ ಗಿಡ ಶುರು. ಇಲ್ಲಿ ಹಾಗಲ್ಲ. ಗರ್ಭ ಕಟ್ಟಿದ ಆ ಕೋಶ ತಾಯಿಗಿಡ ಬಿಟ್ಟು ಹೊರಗೆ ಬರುವುದೇ ಇಲ್ಲ. ಅಲ್ಲೇ ಒಂದು ಪುಟ್ಟ ಹೊಸ ಮೈ ಬೆಳೆಯುತ್ತದೆ, ತಾಯಿಯ ಮೈಯಿಂದಲೇ ಊಟ. ತವರಲ್ಲೇ ಉಳಿದ ಮಗಳು ಅನ್ನಿ. ತಾಯಿ ಅದರ ಸುತ್ತ ತನ್ನದೇ ಕೋಶಗಳಿಂದ ಗೋಡೆ ಕಟ್ಟಿ, ತುದಿಯಲ್ಲಿ ಒಂದು ಸಣ್ಣ ಬಾಯಿ ಬಿಡುತ್ತಾಳೆ. ನೀವು ಬೆರಳಲ್ಲಿ ಸವರಿದ ಸಾಸಿವೆ ಕಾಳು ಅದೇ. ಸಿಸ್ಟೊಕಾರ್ಪ್ ಅಂತ ಹೆಸರು. ಲೆನ್ಸ್ ಹಿಡಿದರೆ ಆ ಬಾಯಿ ಚೆನ್ನಾಗಿ ಕಾಣುತ್ತದೆ. ಒಳಗಿನಿಂದ ರಾಶಿ ರಾಶಿ ಬೀಜಾಣುಗಳು ಅಲ್ಲಿಂದ ಹೊರಬರುತ್ತವೆ.

ಆ ಬೀಜಾಣು ಬಂಡೆಗೆ ಅಂಟಿ ಮೊಳೆತರೆ ಬರುವುದೇ ಮೊದಲನೇ ತಟ್ಟೆಯ ನುಣುಪು ಗಿಡ. ನೋಡಲು ತಾಯಿಯ ಹಾಗೇ ಇದ್ದರೂ ಇದು ಮೂರನೇ ತಲೆಮಾರು. ಇದರ ಹೊರಪದರದಲ್ಲಿ ಒಂದೊಂದು ಕೋಶ ನಾಲ್ಕು ಬೀಜಾಣುಗಳಾಗಿ ಒಡೆಯುತ್ತದೆ. ಆ ನಾಲ್ಕರಿಂದ ಮತ್ತೆ ಗಂಡುಗಿಡ, ಹೆಣ್ಣುಗಿಡ. ಪಾಲಿಸೈಫೋನಿಯಾದಲ್ಲಿ ಜಪಾನಿನ ಯಮನೌಚಿ ಕ್ರೋಮೋಸೋಮ್ ಎಣಿಸಿ 1906ರಲ್ಲಿ ಲೆಕ್ಕ ಹೊಂದಿಸಿದರು. ಗಂಡು ಹೆಣ್ಣು ಗಿಡಗಳಲ್ಲಿ 20, ನಾಲ್ಕು ಬೀಜಾಣು ಕೊಡುವ ಗಿಡದಲ್ಲಿ 40. ಒಂದೇ ಬಂಡೆಯ ಮೇಲೆ, ಒಂದೇ ರೂಪದಲ್ಲಿ, ತಾಯಿ ಮತ್ತು ಮೊಮ್ಮಗಳು ಅಕ್ಕಪಕ್ಕ ನಿಂತಿದ್ದಾರೆ. ನಾವು ಒಂದನ್ನು ಕಿತ್ತು ತಂದು ಹಾಳೆಗೆ ಅಂಟಿಸಿ ಹೆಸರು ಬರೆದುಬಿಡುತ್ತೇವೆ.

ಅವರ ವ್ಯತ್ಯಾಸ ಕಾಗದದ ಮೇಲಿನದಷ್ಟೇ ಅಂದುಕೊಳ್ಳಬೇಡಿ. ಅಟ್ಲಾಂಟಿಕ್ ತೀರದಲ್ಲಿ ಕಾಂಡ್ರಸ್ ಕ್ರಿಸ್ಪಸ್ ಎಂಬ ಪಾಚಿ ಇದೆ. ಅಲ್ಲೂ ಈ ಎರಡು ತಲೆಮಾರು ನೋಡಲು ಒಂದೇ ಥರ. ಆದರೆ ಎರಡರ ಅಂಟು ಬೇರೆ. ಆ ಅಂಟಿಗೆ ಕ್ಯಾರಜೀನನ್ ಅನ್ನುತ್ತಾರೆ. ಗಂಡು ಹೆಣ್ಣು ಗಿಡಗಳದು ಹೆಪ್ಪುಗಟ್ಟುತ್ತದೆ, ಇನ್ನೊಂದರದು ಹೆಪ್ಪುಗಟ್ಟುವುದಿಲ್ಲ.

ಈಗ ವರ್ಗೀಕರಣದ ಬೀಗದ ಕೈ ಎಲ್ಲಿದೆ ಅಂತ ಹೇಳುತ್ತೇನೆ. ಗರ್ಭ ಕಟ್ಟಿದ ಮೇಲೆ ಆ ಪುಟ್ಟ ಮೈ ಎಲ್ಲಿ ಬೆಳೆಯುತ್ತದೆ ಎಂಬುದರಲ್ಲಿದೆ.

ಜರ್ಮನಿಯ ಫ್ರೀಡ್ರಿಕ್ ಶ್ಮಿಟ್ಸ್ 1883ರಲ್ಲಿ ಇದನ್ನು ಬಿಡಿಸಿಟ್ಟರು. ಕೆಲವು ಪಾಚಿಗಳಲ್ಲಿ ಗರ್ಭ ಕಟ್ಟಿದ ಜಾಗದಲ್ಲೇ ಬೆಳವಣಿಗೆ. ಹಲವು ಪಾಚಿಗಳಲ್ಲಿ ಮಾತ್ರ ಆ ಗರ್ಭದ ಕೋಶಕೇಂದ್ರ ಅಲ್ಲಿಂದ ಹೊರಟು ಇನ್ನೊಂದು ಕೋಶಕ್ಕೆ ಹೋಗಿ ಸೇರುತ್ತದೆ, ಬೆಳವಣಿಗೆ ಅಲ್ಲಿ. ಸಸಿಮಡಿಯಲ್ಲಿ ಮೊಳೆತದ್ದನ್ನು ಕಿತ್ತು ಗದ್ದೆಗೆ ನಾಟಿ ಮಾಡುತ್ತೇವಲ್ಲ, ಹಾಗೆ. ಆ ಗದ್ದೆಯನ್ನು ಸಹಾಯಕ ಕೋಶ ಅನ್ನುತ್ತಾರೆ. ಡುಡ್ರೆಸ್ನಾಯಾ ಎಂಬ ಪಾಚಿಯಲ್ಲಿ ಗರ್ಭಕೋಶದಿಂದ ಉದ್ದನೆಯ ಎಳೆ ಹೊರಟು ಒಂದು ಸಹಾಯಕ ಕೋಶ ಮುಟ್ಟಿ, ಅಲ್ಲಿಂದ ಮುಂದಿನದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹೋಗುತ್ತದೆ. ಒಮ್ಮೆ ಗರ್ಭ ಕಟ್ಟಿದ್ದಕ್ಕೆ ಹಲವು ಕಡೆ ನಾಟಿ.

ಈ ಗದ್ದೆ ಎಲ್ಲಿದೆ, ಯಾವಾಗ ತಯಾರಾಗುತ್ತದೆ? ಮೈಯಲ್ಲಿರುವ ಮಾಮೂಲಿ ಕೋಶವೇ ಸಹಾಯಕ ಕೋಶವಾದರೆ ಗಿಗಾರ್ಟಿನೇಲಿಸ್. ಅದಕ್ಕೆಂದೇ ಬೇರೆ ಪುಟ್ಟ ಕವಲು ಇದ್ದರೆ ಕ್ರಿಪ್ಟೊನೆಮಿಯೇಲಿಸ್. ಗರ್ಭ ಕಟ್ಟುವ ಮೊದಲೇ ಗರ್ಭಕೋಶ ಹೊತ್ತ ಕವಲಿನ ಪಕ್ಕದಲ್ಲಿ ತಯಾರಾಗಿ ಕಾದಿದ್ದರೆ ರೊಡಿಮೀನಿಯೇಲಿಸ್. ಗರ್ಭ ಕಟ್ಟಿದ ಮೇಲೆಯೇ ಹೊಸದಾಗಿ ಹುಟ್ಟಿಕೊಂಡರೆ ಸೆರಾಮಿಯೇಲಿಸ್, ನಮ್ಮ ಪಾಲಿಸೈಫೋನಿಯಾ ಇದರಲ್ಲಿದೆ. ಸಹಾಯಕ ಕೋಶವೇ ಇಲ್ಲದವನ್ನು ನೆಮಾಲಿಯೋನೇಲಿಸ್‌ಗೆ ಹಾಕಿದರು. ಶ್ಮಿಟ್ಸ್ 1889ರಲ್ಲಿ ನಾಲ್ಕು ಗಣ ಮಾಡಿದ್ದರು. ಸ್ವೀಡನ್ನಿನ ಲುಂಡ್‌ನಲ್ಲಿದ್ದ ಹರಾಲ್ಡ್ ಕಿಲಿನ್ ಜೀವಮಾನವೆಲ್ಲ ಇದನ್ನೇ ಬೆಳೆಸಿ ಆರು ಗಣಗಳ ವ್ಯವಸ್ಥೆ ಕೊಟ್ಟರು. ಅವರ ದೊಡ್ಡ ಪುಸ್ತಕ ಹೊರಬಂದದ್ದು 1956ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಏಳು ವರ್ಷವಾಗಿತ್ತು. ಸುಮ್ನೆ ಯೋಚಿಸಿ, ಆ ಕಾಲದಲ್ಲಿ ಡಿಎನ್‌ಎ ಓದುವ ಯಂತ್ರ ಇಲ್ಲ. ಬ್ಲೇಡು, ಬಣ್ಣ, ಮೈಕ್ರೋಸ್ಕೋಪು, ಕೈಯಲ್ಲಿ ಬಿಡಿಸಿದ ಚಿತ್ರ, ಇಷ್ಟರಲ್ಲೇ ಕೋಶವೊಂದರ ದಾರಿ ಹಿಡಿದು ಹೋಗಿದ್ದಾರೆ.

ಹಾಗಂತ ಆ ವ್ಯವಸ್ಥೆ ಹಾಗೇ ನಿಲ್ಲಲಿಲ್ಲ. ತಟ್ಟೆಯಲ್ಲಿರುವ ಗ್ರಾಸಿಲೇರಿಯಾದ ಕಥೆಯನ್ನೇ ತೆಗೆದುಕೊಳ್ಳಿ. ನಾನು ಓದುವಾಗ ಇದು ಗಿಗಾರ್ಟಿನೇಲಿಸ್ ಗಣದ್ದು. ಪರೀಕ್ಷೆಯಲ್ಲಿ ಹಾಗೇ ಬರೆದಿದ್ದೇವೆ. ಅಮೆರಿಕದ ಸುಜಾನ್ ಫ್ರೆಡೆರಿಕ್ ಮತ್ತು ಮ್ಯಾಕ್ಸ್ ಹೊಮರ್‌ಸ್ಯಾಂಡ್ ಒಂದು ಗ್ರಾಸಿಲೇರಿಯಾದ ಸಿಸ್ಟೊಕಾರ್ಪ್ ಹುಟ್ಟುವುದನ್ನು ಮೊದಲಿನಿಂದ ಕೊನೆವರೆಗೆ ಕೋಶ ಕೋಶವಾಗಿ ಹಿಂಬಾಲಿಸಿದರು. ಅಲ್ಲಿ ನಾಟಿಯೇ ಇಲ್ಲ! ಗರ್ಭಕೋಶ ಪಕ್ಕದ ಕೋಶಗಳ ಜೊತೆ ಕೂಡಿಕೊಂಡು ಒಂದು ದೊಡ್ಡ ಕೋಶವಾಗಿ, ನೇರವಾಗಿ ಅದರಿಂದಲೇ ಬೆಳೆಯುತ್ತದೆ. ಸಹಾಯಕ ಕೋಶ ಇಲ್ಲದ ಮೇಲೆ ಗಿಗಾರ್ಟಿನೇಲಿಸ್‌ನಲ್ಲಿ ಇಡುವುದು ಹೇಗೆ? 1989ರಲ್ಲಿ ಗ್ರಾಸಿಲೇರಿಯೇಲಿಸ್ ಎಂಬ ಹೊಸ ಗಣವೇ ಬಂತು. ಆಮೇಲೆ ಡಿಎನ್‌ಎ ಸಾಕ್ಷಿಯೂ ಅದನ್ನು ಒಪ್ಪಿತು. ಇನ್ನೊಂದು ಕಡೆ, ಕ್ರಿಪ್ಟೊನೆಮಿಯೇಲಿಸ್‌ಗೆ ಗಟ್ಟಿ ಆಧಾರ ಇಲ್ಲ ಅಂತ 1985ರಲ್ಲಿ ಅದನ್ನು ಗಿಗಾರ್ಟಿನೇಲಿಸ್ ಜೊತೆ ಸೇರಿಸಿದರು.

ಕಾಲೇಜಿನ ಮಕ್ಕಳಿಗೆ ಕೈಗೆ ಸಿಗುವ ಒಂದು ಸುಲಭದ ಗುರುತು ಹೇಳಿಕೊಡುತ್ತೇನೆ. ಅದೇ ನಾಲ್ಕು ಬೀಜಾಣುಗಳು. ಕೋಶ ನಾಲ್ಕಾಗುವುದರಲ್ಲಿ ಮೂರು ರೀತಿ ಇದೆ. ಬಾಳೆಕಾಯಿ ಹೆಚ್ಚಿದ ಹಾಗೆ ಒಂದರ ಪಕ್ಕ ಒಂದು ಬಿಲ್ಲೆ. ರೊಟ್ಟಿಯನ್ನು ಅಡ್ಡ ಉದ್ದ ಕೊಯ್ದ ಹಾಗೆ ನಾಲ್ಕು ಕಾಲುಭಾಗ. ಮೂರು ಲಿಂಬೆಹಣ್ಣಿಟ್ಟು ಮೇಲೊಂದು ಕೂರಿಸಿದ ಹಾಗೆ ಗುಂಪು. ಗ್ರಾಸಿಲೇರಿಯಾದ್ದು ರೊಟ್ಟಿ. ಪಾಲಿಸೈಫೋನಿಯಾದ್ದು ಲಿಂಬೆ. ಅದೇ ಬಂಡೆಯಲ್ಲಿ ತುದಿ ಕೊಕ್ಕೆಯಾಗಿ ಬೇರೆ ಪಾಚಿಗೆ ಸುತ್ತಿಕೊಳ್ಳುವ ಹಿಪ್ನಿಯಾ ಮಸ್ಸಿಫಾರ್ಮಿಸ್ ಇದೆ, ಅದರದ್ದು ಬಾಳೆಕಾಯಿ. ಅಡ್ಡ ಕೊಯ್ದರೆ ಹಿಪ್ನಿಯಾದ ನಟ್ಟನಡುವೆ ಒಂದು ಸಣ್ಣ ಕೋಶ ಎದ್ದು ಕಾಣುತ್ತದೆ, ಅದು ಮುಖ್ಯ ಎಳೆ. ಗ್ರಾಸಿಲೇರಿಯಾದಲ್ಲಿ ಹಾಗೆ ಕಾಣುವುದಿಲ್ಲ. ಎರಡನ್ನೂ ಒಮ್ಮೆ ಕೊಯ್ದು ನೋಡಿದವರು ಮತ್ತೆ ಮರೆಯುವುದಿಲ್ಲ.

ಇಲ್ಲಿಯವರೆಗೆ ಹೇಳಿದವುಗಳಲ್ಲಿ ತಾಯಿ ಮೊಮ್ಮಗಳು ಒಂದೇ ಥರ. ಒಂದೇ ಥರ ಇಲ್ಲದಿದ್ದರೆ?

ಮಳೆಗಾಲದಲ್ಲಿ ಕೊಂಕಣ ತೀರದ ಬಂಡೆಗಳ ಮೇಲೆ, ಅಲೆ ಬಡಿಯುವ ಕಡೆ, ತೆಳ್ಳನೆ ಹಾಳೆಯಂಥ ಪಾಚಿ ಬರುತ್ತದೆ. ಪೋರ್ಫೈರಾ ವಿಯೆಟ್ನಾಮೆನ್ಸಿಸ್ ಅಂತ ಹೆಸರಿಟ್ಟಿದ್ದರು. ಮಳೆ ಹೋಯಿತು, ಪಾಚಿಯೂ ಹೋಯಿತು. ಮತ್ತೆ ಮುಂದಿನ ಮಳೆಗೆ ಹಾಜರ್. ನಡುವೆ ಎಲ್ಲಿರುತ್ತದೆ? ಜಪಾನಿನವರು ನೋರಿ ಅಂತ ತಿನ್ನುವುದು ಇದರ ನೆಂಟನನ್ನೇ. ಅವರನ್ನೂ ಇದೇ ಪ್ರಶ್ನೆ ಕಾಡಿತ್ತು. ನೋರಿಯ ಬೀಜ ಎಲ್ಲಿಂದ ಬರುತ್ತದೆ ಅಂತ ಗೊತ್ತಿಲ್ಲದೆ, ಬಂದರೆ ಬೆಳೆ, ಬರದಿದ್ದರೆ ಇಲ್ಲ ಅಂತ ಇದ್ದರು.

ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ಕ್ಯಾಥ್ಲೀನ್ ಡ್ರೂ ಎಂಬ ವಿಜ್ಞಾನಿ ಪೋರ್ಫೈರಾ ಬೀಜಾಣುಗಳನ್ನು ಚಿಪ್ಪುಗಳ ಜೊತೆ ಬೆಳೆಸಿದರು. ಬೀಜಾಣುಗಳು ಚಿಪ್ಪನ್ನು ಕೊರೆದು ಒಳಗೆ ಹೋಗಿ ಗುಲಾಬಿ ಬಣ್ಣದ ಎಳೆಗಳಾದವು. ಆ ಎಳೆಗಳಿಗೆ ವಿಜ್ಞಾನದಲ್ಲಿ ಆಗಲೇ ಒಂದು ಹೆಸರಿತ್ತು! ಕಾಂಕೊಸೆಲಿಸ್ ರೋಸಿಯಾ ಅಂತ 1892ರಲ್ಲೇ ಬೇರೆ ಪಾಚಿಯಾಗಿ ದಾಖಲಾಗಿತ್ತು. ಅರ್ಧ ಶತಮಾನಕ್ಕೂ ಜಾಸ್ತಿ ಕಾಲ ಒಂದೇ ಜೀವಿಗೆ ಎರಡು ಹೆಸರು, ಎರಡು ವಿಳಾಸ. ಡ್ರೂ ಇದನ್ನು 1949ರಲ್ಲಿ ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಜಪಾನಿನವರು ಚಿಪ್ಪಿನಲ್ಲಿ ಬೀಜ ಬೆಳೆಸಿ ಬಲೆಗೆ ಬಿತ್ತುವುದನ್ನು ಕಲಿತರು. ಮದುವೆಯಾದ ಕಾರಣಕ್ಕೆ ಸಂಬಳದ ಕೆಲಸ ಕಳೆದುಕೊಂಡು ಸಂಶೋಧನೆ ಮುಂದುವರಿಸಿದ ಹೆಣ್ಣುಮಗಳು ಅವರು. 1957ರಲ್ಲಿ ತೀರಿಕೊಂಡರು, ಜಪಾನಿಗೆ ಒಮ್ಮೆಯೂ ಹೋಗಲಿಲ್ಲ. ಅಲ್ಲಿನ ಉಟೊ ಎಂಬ ಊರಲ್ಲಿ ನೋರಿ ಬೆಳೆಗಾರರು 1963ರಲ್ಲಿ ಅವರಿಗೆ ಸ್ಮಾರಕ ಕಟ್ಟಿದರು. ಇವತ್ತಿಗೂ ಪ್ರತಿ ಏಪ್ರಿಲ್ 14ಕ್ಕೆ ಅಲ್ಲಿ ಸೇರುತ್ತಾರೆ. ಈ ವಿಷಯ ಹೇಳುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ವರ್ಗೀಕರಣಕ್ಕೂ ಇದರಿಂದ ಒಂದು ಪೆಟ್ಟು ಬಿತ್ತು. ಪೋರ್ಫೈರಾ ಹಾಳೆಯಲ್ಲಿ ನಾನು ಹೇಳಿದ ಬಿರಡೆ ಇಲ್ಲ. ಅದಕ್ಕೇ ಬಿರಡೆ ಇರುವವು ಫ್ಲೊರಿಡಿಯೋಫೈಸಿ, ಇಲ್ಲದವು ಬ್ಯಾಂಜಿಯೋಫೈಸಿ ಅಂತ ಸಲೀಸಾಗಿ ಎರಡು ಪಾಲು ಮಾಡಿದ್ದರು. ಚಿಪ್ಪಿನೊಳಗಿನ ಎಳೆಯನ್ನು ನೋಡಿದರೆ ಅದರಲ್ಲಿ ಬಿರಡೆ ಇದೆ! ಹಾಳೆ ಮಾತ್ರ ನೋಡಿ ಎಳೆದ ಗೆರೆ ಅದು. ಈಗ ಆ ಎರಡು ಪಾಲಿನ ಬದಲು ಏಳು ವರ್ಗಗಳಿವೆ, 2006ರಲ್ಲಿ ಡಿಎನ್‌ಎ ಆಧಾರದ ಮೇಲೆ ಮಾಡಿದ್ದು. ನೋರಿಯ ಹೆಸರೂ ಬದಲಾಗುತ್ತಾ ಬಂದಿದೆ. ಪೋರ್ಫೈರಾ ಯೆಜೊಯೆನ್ಸಿಸ್ 2011ರಲ್ಲಿ ಪೈರೋಪಿಯಾ ಆಯಿತು, 2020ರಲ್ಲಿ ನಿಯೋಪೈರೋಪಿಯಾ. ಹಳೇ ಪುಸ್ತಕ ಓದುವವರು ಇದನ್ನು ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ದಾರಿ ತಪ್ಪುತ್ತದೆ.

ದನದ ಹೊಟ್ಟೆಯ ಮೀಥೇನ್ ಕಡಿಮೆ ಮಾಡುತ್ತದೆ ಅಂತ ಈಚೆಗೆ ಸುದ್ದಿಯಲ್ಲಿರುವ ಆಸ್ಪರಾಗೋಪ್ಸಿಸ್‌ದೂ ಇದೇ ಕಥೆ. ಅದರ ಗಂಡು ಹೆಣ್ಣು ಗಿಡ ಗರಿಗರಿಯಾಗಿ ನರಿಬಾಲದ ಹಾಗೆ. ನಾಲ್ಕು ಬೀಜಾಣು ಕೊಡುವ ತಲೆಮಾರು ಹತ್ತಿಯುಂಡೆಯಂಥ ಗುಲಾಬಿ ಎಳೆಗಳ ಮುದ್ದೆ. ಅದಕ್ಕೆ ಫಾಲ್ಕೆನ್‌ಬರ್ಗಿಯಾ ಎಂಬ ಬೇರೆ ಕುಲದ ಹೆಸರೇ ಇತ್ತು. ಫ್ರಾನ್ಸಿನ ಫೆಲ್ಡ್‌ಮನ್ ದಂಪತಿ ಎರಡೂ ಒಂದೇ ಅಂತ ತೋರಿಸಿದರು.

ಆದ್ದರಿಂದ ನಿಮ್ಮಲ್ಲಿ ಪಾಚಿ ಸಂಗ್ರಹಿಸುವವರಿಗೆ ನನ್ನ ಬೇಡಿಕೆ ಇಷ್ಟೇ. ಒಂದೇ ಗಿಡ ತಂದು ತೃಪ್ತಿಪಡಬೇಡಿ. ಗಂಟಿರುವುದು, ಇಲ್ಲದ್ದು, ಮಾಸಲು ಬಣ್ಣದ್ದು, ಎಲ್ಲ ತನ್ನಿ. ತಟ್ಟೆಯ ನೀರಲ್ಲಿ ತೇಲಿಸಿ, ಅಡಿಯಿಂದ ದಪ್ಪ ಕಾಗದ ಎತ್ತಿ ಹಾಳೆ ಮಾಡುವಾಗ ಒಂದು ತುಂಡನ್ನು ಫಾರ್ಮಲಿನ್ ಬೆರೆಸಿದ ಕಡಲ ನೀರಲ್ಲಿ ಇಟ್ಟುಕೊಳ್ಳಿ, ಆಮೇಲೆ ಕೊಯ್ದು ನೋಡಲು ಬೇಕು. ಹಾಳೆಯ ಮೇಲೆ ತಿಂಗಳು, ಬಂಡೆಯ ಎತ್ತರ, ಗಂಟು ಇತ್ತೋ ಇಲ್ಲವೋ ಬರೆಯಿರಿ.

ಪ್ರಶ್ನೆಗಳ ಹೊತ್ತಿನಲ್ಲಿ ಎರಡನೇ ವರ್ಷದ ಒಬ್ಬ ಹುಡುಗಿ ಕೇಳಿದಳು: "ಸರ್, ಇಷ್ಟೆಲ್ಲಾ ಸುತ್ತುಬಳಸು ಯಾಕೆ? ಎರಡು ತಲೆಮಾರು ಸಾಕಿತ್ತಲ್ವಾ?"

ಒಳ್ಳೆಯ ಪ್ರಶ್ನೆ ಅದು. ಹೆಚ್ಚಿನವರು ಕೊಡುವ ವಿವರಣೆ ಬಾಲವಿಲ್ಲದ ಗಂಡುಕೋಶಕ್ಕೇ ಬಂದು ನಿಲ್ಲುತ್ತದೆ. ಈಜಲಾಗದ ಗಂಡುಕೋಶ ಹೆಣ್ಣಿನ ಕೂದಲಿಗೆ ತಾಗುವುದು ಅಪರೂಪ. ಅಪರೂಪಕ್ಕೆ ಒಮ್ಮೆ ಗರ್ಭ ಕಟ್ಟಿದರೆ ಅದನ್ನು ಒಂದೇ ಗಿಡಕ್ಕೆ ಮುಗಿಸದೆ, ತಾಯಿಯ ಮೈಮೇಲೆ ಸಾವಿರಾರು ಬೀಜಾಣುಗಳಾಗಿ ಹೆಚ್ಚಿಸಿಕೊಳ್ಳುವುದೇ ಲಾಭ. ನೋಡಿ, ಸಾಸಿವೆ ಕಾಳಿನಷ್ಟು ಗಂಟು ಮಾಡುವ ಕೆಲಸ ಅದು.

ಇದಕ್ಕೆ 2022ರಲ್ಲಿ ಒಂದು ಹೊಸ ಮಾತು ಸೇರಿತು. ಫ್ರಾನ್ಸಿನ ರೊಸ್ಕೋಫ್‌ನಲ್ಲಿ ಗ್ರಾಸಿಲೇರಿಯಾ ಗ್ರಾಸಿಲಿಸ್ ಗಿಡಗಳ ನಡುವೆ ಐಡೋಟಿಯಾ ಎಂಬ, ಸಿಗಡಿಯ ದೂರದ ನೆಂಟನಾದ ಪುಟ್ಟ ಜೀವಿ ಓಡಾಡುತ್ತಿರುತ್ತದೆ. ಗಂಡುಗಿಡವನ್ನೂ ಹೆಣ್ಣುಗಿಡವನ್ನೂ ದೂರ ದೂರ ಇಟ್ಟು, ಒಂದು ತೊಟ್ಟಿಯಲ್ಲಿ ಈ ಜೀವಿಯನ್ನು ಬಿಟ್ಟರು, ಇನ್ನೊಂದರಲ್ಲಿ ಬಿಡಲಿಲ್ಲ. ಬಿಟ್ಟ ತೊಟ್ಟಿಯಲ್ಲಿ ಸಿಸ್ಟೊಕಾರ್ಪ್ ಸುಮಾರು 20 ಪಟ್ಟು ಜಾಸ್ತಿ. ಅದರ ಕಾಲಿಗೆ, ಮೈಗೆ ಗಂಡುಕೋಶಗಳು ಅಂಟಿದ್ದವು. ಹೂವಿಗೆ ಜೇನು ಮಾಡುವ ಕೆಲಸ.

ಆ ಹುಡುಗಿ ಕೂತುಕೊಳ್ಳದೆ ಮತ್ತೆ ಕೇಳಿದಳು: "ನಮ್ಮ ಬಂಡೆಯ ಗ್ರಾಸಿಲೇರಿಯಾದಲ್ಲೂ ಅಂಥ ಹುಳ ಇದೆಯಾ ಸರ್?" ಎರಡನೇ ತಟ್ಟೆಯನ್ನು ಅವಳ ಮುಂದಿಟ್ಟು ಲೆನ್ಸ್ ಕೊಟ್ಟೆ. ಬರುವ ಅಮಾವಾಸ್ಯೆಯ ಇಳಿತಕ್ಕೆ ಬೆಳಿಗ್ಗೆ ಆರಕ್ಕೆ ಬಂಡೆಯ ಹತ್ತಿರ ಸೇರುವುದು ಅಂತ ಅವಳೂ, ಅವಳ ಜೊತೆ ಇನ್ನೂ ನಾಲ್ಕು ಜನವೂ ಹೆಸರು ಬರೆಸಿ ಹೋದರು.